ಪೂಜೆಯ ನಿಯಮವೂ ಮೂಳೆಯ ಮಾತ್ರೆಯೂ

ಹಲಸೂರಿಗೆ ಹೊಂದಿಕೊಂಡಿರುವ ಮರ್ಫಿ ಟೌನಿನ ಇಕ್ಕಟ್ಟಾದ ಓಣಿಯೊಂದರಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಶರಣ ಮನೆತನವೊಂದಿದೆ. ಆ ಮನೆಯ ಹಿರಿಯ ತಾಯಿಗೆ ಈಗ 72 ವರ್ಷ. ಬೆಳಗಿನ ಜಾವ ಎದ್ದು, ಮಿಂದು, ಇಷ್ಟಲಿಂಗ ಪೂಜೆಯಾಗುವವರೆಗೆ ಗುಟುಕು ನೀರನ್ನೂ ಮುಟ್ಟದವರು. ಕಳೆದ ವರ್ಷ ಬಚ್ಚಲ ಹೊಸ್ತಿಲಲ್ಲಿ ಎಡವಿ ಬಿದ್ದು ಅವರ ಸೊಂಟದ ಬಳಿಯ ತೊಡೆಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದ ಮೇಲೆ ನಾವು ನೋಡಲು ಹೋದೆವು.

“ಅಯ್ಯನವರೇ, ಎರಡು ವರ್ಷದ ಹಿಂದೆ ಮಣಿಕಟ್ಟು ಮುರಿದಾಗಲೇ ವಾರಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಅತ್ತೆಯವರು ಒಂದು ವಾರವೂ ತಪ್ಪಿಸಲಿಲ್ಲ. ಆದರೂ ಹೀಗಾಯಿತಲ್ಲ!” ಎಂದು ಸೊಸೆ ನೊಂದು ನುಡಿದಳು.

ಮಾತ್ರೆಯನ್ನು ಹೇಗೆ ನುಂಗುತ್ತಿದ್ದಿರಿ ತಾಯೀ ಎಂದು ವಿಚಾರಿಸಿದೆವು. ಪೂಜೆ ಮುಗಿಸಿ, ಪ್ರಸಾದದ ಹಾಲಿನೊಂದಿಗೆ. ಜೊತೆಗೇ ಕ್ಯಾಲ್ಸಿಯಂ ಮಾತ್ರೆ. “ಎದ್ದ ಕೂಡಲೇ ನೀರಿನಲ್ಲಿ ತೆಗೆದುಕೊಳ್ಳಿ ಅಂದಿದ್ದರು. ಪೂಜೆಗೆ ಮೊದಲು ನೀರನ್ನೂ ಮುಟ್ಟಬಾರದೆಂದು ಪ್ರವಚನದಲ್ಲಿ ತಾವೇ ಹೇಳಿದ್ದಿರಲ್ಲ” ಎಂದರು ಆ ತಾಯಿ. ಹೇಳಿದ್ದುಂಟು. ಆ ಮಾತು ನಮ್ಮನ್ನು ಬಹುದಿನ ಕಾಡಿತು. ವೈದ್ಯರಲ್ಲದ ನಾವು ಬಲ್ಲವರಲ್ಲಿ ಕೇಳಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ಗೊಂದಲ ನೀಗಬೇಕು. ನಮ್ಮ ಜನ ಮಂಡಿನೋವನ್ನೂ ‘ಮೂಳೆ ಸವೆತ’ ಎನ್ನುತ್ತಾರೆ. ಅದು ಕೀಲಿನ ರೋಗ. ಆಸ್ಟಿಯೋಪೊರೋಸಿಸ್ ಎಂಬುದು ಮೂಳೆಯೇ ಒಳಗೊಳಗೆ ಟೊಳ್ಳಾಗುವ ರೋಗ. ಮುರಿಯುವವರೆಗೆ ನೋವೇ ಇರದು. ದೇಹವು ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟುತ್ತಲೇ ಇರುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಗ್ಗಿ, ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗುತ್ತದೆ. ಉಬ್ಬಸ ಮೊದಲಾದವುಗಳಿಗೆ ಬಹುಕಾಲ ಸ್ಟೆರಾಯ್ಡ್ ಮಾತ್ರೆ ನುಂಗಿದವರಿಗೆ, ಗಂಡಸರೇ ಆಗಲಿ, ಇದೇ ಭಯವುಂಟು. ಡೆಕ್ಸಾ ಎಂಬ ಪರೀಕ್ಷೆಯಲ್ಲಿ ಟಿ-ಅಂಕ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿತು. ಸಣ್ಣ ಎಡವಿಗೇ ಸೊಂಟವೋ ಬೆನ್ನೋ ಮುರಿದಿದ್ದರೆ ಅಂಕ ಏನೇ ಇರಲಿ, ಚಿಕಿತ್ಸೆ ಬೇಕೇ ಬೇಕು.

ಆ ತಾಯಿಗೆ ಕೊಟ್ಟಿದ್ದುದು ಅಲೆಂಡ್ರೊನೇಟ್, ವಾರಕ್ಕೆ 70 ಮಿಲಿಗ್ರಾಂ. ಮೂಳೆ ಕರಗುವುದನ್ನು ತಡೆಯುವ ಮದ್ದು. ಬೆನ್ನುಮೂಳೆ ಆಗಲೇ ಮುರಿದಿದ್ದ ಸ್ತ್ರೀಯರಲ್ಲಿ ಹೊಸ ಬೆನ್ನು ಮುರಿತಗಳನ್ನೂ ಸೊಂಟದ ಮುರಿತಗಳನ್ನೂ ಇದು ಸುಮಾರು ಅರ್ಧಕ್ಕೆ ಇಳಿಸಿತೆಂದು 1996ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಇದರ ಸ್ವಭಾವ ವಿಚಿತ್ರ. ಬರಿಹೊಟ್ಟೆಯಲ್ಲಿ ನುಂಗಿದರೂ ನೂರರಲ್ಲಿ ಒಂದು ಪಾಲೂ ರಕ್ತ ಸೇರದು. ಕಾಫಿಯೊಡನೆ ನುಂಗಿದರೆ ಆ ಅಲ್ಪದಲ್ಲೂ ಅರ್ಧಕ್ಕಿಂತ ಹೆಚ್ಚು ನಷ್ಟ. ಹಾಲು, ಊಟ, ಕ್ಯಾಲ್ಸಿಯಂ ಮಾತ್ರೆಗಳೊಡನೆ ನುಂಗಿದರೆ ಏನೂ ಉಳಿಯದೆಂದೇ ಹೇಳಬೇಕು. ಎರಡು ವರ್ಷದ ನಿಷ್ಠೆ ಹಾಲಿನಲ್ಲಿ ಕರಗಿಹೋಗಿತ್ತು.

ಇದಕ್ಕೆ ನಮ್ಮ ನಿರ್ಣಯ ಹೀಗೆ: ಎದ್ದೊಡನೆ ಔಷಧಿಗಾಗಿ ನೀರು ಕುಡಿದರೆ ದೋಷವಿಲ್ಲ. ಮನಸ್ಸು ಒಪ್ಪದಿದ್ದರೆ ಪೂಜೆ ಮುಗಿದ ಮೇಲೆ, ಪ್ರಸಾದಕ್ಕೆ ಮೊದಲು, ತುಂಬಿದ ಲೋಟ ಬರಿಯ ನೀರಿನೊಡನೆ ಮಾತ್ರೆ ನುಂಗಲಿ. ಅರ್ಧ ಗಂಟೆ ನೆಟ್ಟಗೆ ಕುಳಿತು ವಚನ ಓದಲಿ. ಮಲಗುವುದಾಗಲಿ, ಬಾಗಿ ನಮಸ್ಕರಿಸುವುದಾಗಲಿ ಬೇಡ. ಮಾತ್ರೆ ಮೇಲೇರಿದರೆ ಅನ್ನನಾಳ ಸುಡುತ್ತದೆ. ಕ್ಯಾಲ್ಸಿಯಂ ಮಧ್ಯಾಹ್ನಕ್ಕಿರಲಿ. ಅರ್ಧ ಗಂಟೆ ಕಾದರೆ ಪ್ರಸಾದದ ಮಹಿಮೆ ಕುಂದದು.

ಹೀಗೆ ಕೂರಲಾಗದವರಿಗೆ ಜೊಲೆಡ್ರೊನಿಕ್ ಆಮ್ಲವುಂಟು. ವರ್ಷಕ್ಕೊಮ್ಮೆ 5 ಮಿಲಿಗ್ರಾಂ ಡ್ರಿಪ್. ಮೊದಲು ಮೂತ್ರಪಿಂಡ ಮತ್ತು ‘ಡಿ’ ಜೀವಸತ್ವಗಳ ಪರೀಕ್ಷೆಯಾಗಬೇಕು. ಮೊದಲ ಬಾರಿ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು. ಇದನ್ನು ಹೇಳದೆ ಕೇಳದೆ ನಿಲ್ಲಿಸಿದರೆ ಮೂಳೆ ಬೇಗನೆ ಕರಗಿ ಬೆನ್ನುಮೂಳೆಗಳು ಒಂದರ ಹಿಂದೊಂದು ಮುರಿಯುವ ಅಪಾಯವಿದೆ. ಹಣದ ಅಡಚಣೆಯಿದ್ದರೆ ಆರಂಭದಲ್ಲೇ ವೈದ್ಯರಿಗೆ ತಿಳಿಸುವುದು ಲೇಸು. ಟೆರಿಪ್ಯಾರಟೈಡ್ ಹೊಸ ಮೂಳೆಯನ್ನೇ ಕಟ್ಟುವ ನಿತ್ಯದ ಚುಚ್ಚುಮದ್ದು. ಸಾಮಾನ್ಯವಾಗಿ ಎರಡು ವರ್ಷದ ಮಿತಿ; ಅನಂತರ ಬೇರೆ ಮದ್ದು ಹಿಡಿಯದಿದ್ದರೆ ಕಟ್ಟಿದ್ದು ಉಳಿಯದು. ಅಲೆಂಡ್ರೊನೇಟನ್ನು ಹಲವರು ಐದು ವರ್ಷದ ಮೇಲೆ ವೈದ್ಯರ ಸಲಹೆಯಂತೆ ಕೆಲಕಾಲ ಬಿಡಬಹುದು. ದವಡೆಮೂಳೆಯ ಕೊಳೆತ, ತೊಡೆಮೂಳೆಯ ಅಸಹಜ ಮುರಿತ ಬಹು ಅಪರೂಪ. ಆದರೂ ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿ, ತೊಡೆಯಲ್ಲಿ ಹೊಸ ನೋವು ಕಂಡರೆ ತಡಮಾಡದೆ ತೋರಿಸಿ.

ಮದ್ದು ಎಷ್ಟೇ ಒಳ್ಳೆಯದಿರಲಿ, ಬೀಳುವುದನ್ನು ಅದು ತಪ್ಪಿಸದು. ನಸುಕಿನ ಕತ್ತಲಲ್ಲಿ, ಒದ್ದೆ ಬಚ್ಚಲಲ್ಲಿ ಮೀಯುವ ನಮ್ಮ ಹಿರಿಯರಿಗೆ ದೀಪವೂ ಗೋಡೆಯ ಹಿಡಿಕೆಯೂ ಅಗತ್ಯ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ ಬಿಟ್ಟು ಬ್ರೆಡ್ಡಿಗೆ ಮಾರುಹೋದ ಮನೆಗಳು ಗಮನಿಸಲಿ.

ಮೊನ್ನೆ ಹೋದಾಗ ಬಚ್ಚಲ ಹೊಸ್ತಿಲನ್ನು ಒಡೆದು ನೆಲ ಸಮ ಮಾಡಿಸಿದ್ದರು. ಆ ತಾಯಿ ಮಣೆ ಬಿಟ್ಟು ಕುರ್ಚಿಯಲ್ಲಿ ಕುಳಿತು ಪೂಜೆ ಮಾಡುತ್ತಿದ್ದರು. ವರ್ಷದ ಡ್ರಿಪ್ ಒಂದಾಗಿದೆ. ಎರಡನೆಯದರ ದಿನಾಂಕವನ್ನು ಸೊಸೆ ಗೋಡೆಯ ಪಂಚಾಂಗದಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿಟ್ಟಿದ್ದಾಳೆ.