ತೋಟದ ಕೆಲಸಕ್ಕೂ ಒಂದು ಕಾಲಂ

ಪಠ್ಯೇತರ ಚಟುವಟಿಕೆಗಳ ವಿವರಪಟ್ಟಿ ಎಂದರೆ ವಿದ್ಯಾರ್ಥಿ ತರಗತಿಯ ಹೊರಗೆ ಮಾಡಿದ್ದೇನು, ಎಷ್ಟು ವರ್ಷ ಮಾಡಿದ್ದು, ಅದರಲ್ಲಿ ತನ್ನ ಪಾಲೆಷ್ಟು ಎಂಬುದನ್ನು ಒಂದೆರಡು ಪುಟದಲ್ಲಿ ಹೇಳುವ ದಾಖಲೆ. ಕ್ರೀಡೆ, ನಾಟಕ, ಎನ್‌ಸಿಸಿ, ಸ್ಕೌಟ್ಸ್, ವಿಜ್ಞಾನ ಮಾದರಿ, ಸೇವಾ ಶಿಬಿರ ಎಲ್ಲವೂ ಇದರೊಳಗೆ ಬರುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಕ್ಕಳ ಮುಂದೆ ಈ ಪಟ್ಟಿಯ ಮಾತು ಬರುವುದು ಸಾಮಾನ್ಯವಾಗಿ ಎರಡನೇ ಪಿಯು ಪರೀಕ್ಷೆ ಮುಗಿದ ಮೇಲೆಯೇ. ಅದಕ್ಕೆ ಕಾರಣವೂ ಇದೆ. ಕರ್ನಾಟಕದ ಬಹುಪಾಲು ಕಾಲೇಜುಗಳು ಇದನ್ನು ಕೇಳುವುದೇ ಇಲ್ಲ.

ಎಂಜಿನಿಯರಿಂಗ್, ಕೃಷಿ, ಫಾರ್ಮಸಿ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವುದು ಸಿಇಟಿಯ ರ‍್ಯಾಂಕ್ ನೋಡಿ, ವೈದ್ಯಕೀಯಕ್ಕೆ ನೀಟ್. ಚರ್ಚಾಸ್ಪರ್ಧೆಯ ಬಹುಮಾನಗಳು ಗೋಡೆ ತುಂಬ ಇದ್ದರೂ ರ‍್ಯಾಂಕ್ ಕದಲುವುದಿಲ್ಲ. ಆದರೆ 2006ರ ಪ್ರವೇಶ ನಿಯಮಗಳ ಪ್ರಕಾರ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್ ಮುಂತಾದ ವಿಶೇಷ ಪ್ರವರ್ಗಗಳಿಗೆ ಕೆಲವು ಸೀಟುಗಳಿವೆ. ಅರ್ಜಿ ತುಂಬುವಾಗಲೇ ಪ್ರವರ್ಗವನ್ನು ಗುರುತಿಸಬೇಕು, ಆಮೇಲೆ ಮೂಲ ಪ್ರಮಾಣಪತ್ರ ಹಿಡಿದು ಪರಿಶೀಲನೆಗೆ ಹಾಜರಾಗಬೇಕು. ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಗೆದ್ದವರಿಗೆ ಇಲ್ಲಿ ಆಸೆ ಕಡಿಮೆ. ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದವರ ನಡುವಿನ ಪೈಪೋಟಿ ಅದು.

ತೆಂಗಿನ ಸೀಮೆಗೆ ಹೆಚ್ಚು ಹತ್ತಿರದ ಬಾಗಿಲು ಬೇರೊಂದಿದೆ. ಬಿಎಸ್ಸಿ ಕೃಷಿ ಮತ್ತು ಅದರ ಜೊತೆಗಿನ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಉಂಟು. ಮೊದಲು ಶೇ 40ರಷ್ಟಿದ್ದ ಅದನ್ನು ಶೇ 50ಕ್ಕೆ ಏರಿಸಲಾಗಿದೆ. ಪೋಷಕರ ಕೃಷಿಯ ದಾಖಲೆ ಒದಗಿಸಿದವರು ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಬೀಜ, ಬೆಳೆ, ಗೊಬ್ಬರ, ಉಪಕರಣಗಳನ್ನು ನೋಡಿ ಗುರುತಿಸುವ ಪರೀಕ್ಷೆ ಅದು. ಬೇಸಾಯದಲ್ಲಿ ಕೈಯಾಡಿಸಿದ ಅನುಭವಕ್ಕೆ ನೇರವಾಗಿ ಅಂಕ ಕೊಡುವ ಪರೀಕ್ಷೆ ರಾಜ್ಯದಲ್ಲಿ ಹೆಚ್ಚೇನಿಲ್ಲ. ಇಷ್ಟಾದರೂ ತೋಟದ ನಡುವೆ ಮನೆಯಿದ್ದು ರಾಗಿ, ತೆಂಗು ಬಿಟ್ಟರೆ ಬೇರೆ ಬೀಜವನ್ನೇ ಮುಟ್ಟದ ಮಕ್ಕಳಿಗೆ ಇದು ಸುಲಭವಲ್ಲ. ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ ಬಂದರೂ ತಯಾರಿಗೆ ನೆರವಾಗುತ್ತದೆ.

ಚಟುವಟಿಕೆಗಳನ್ನು ತೂಗಿ ನೋಡುವ ಸಂಸ್ಥೆಗಳು ಹೊರಗೆ ಹೆಚ್ಚು. ದೆಹಲಿ ವಿಶ್ವವಿದ್ಯಾಲಯದಲ್ಲಿ ಕ್ರೀಡೆ ಮತ್ತು ಪಠ್ಯೇತರ ಚಟುವಟಿಕೆಗಳಿಗೆ ಎರಡೂ ಸೇರಿ ಶೇ 5ರವರೆಗೆ ಹೆಚ್ಚುವರಿ ಸೀಟುಗಳಿವೆ. ಮದ್ರಾಸ್ ಐಐಟಿ 2024–25ರಿಂದ ಕ್ರೀಡಾಪಟುಗಳಿಗೆಂದು ಪ್ರತಿ ಪದವಿ ಕೋರ್ಸಿನಲ್ಲಿ ಎರಡು ಹೆಚ್ಚುವರಿ ಸೀಟು ಇಟ್ಟಿದೆ, ಆದರೆ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಪಟ್ಟಿಯಲ್ಲಿ ಹೆಸರಿರಲೇಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ನಂತರ ಸಂದರ್ಶನ ನಡೆಸುತ್ತದೆ. ಇಂಥ ಸಂದರ್ಶನದಲ್ಲಿ ಪಟ್ಟಿಯ ಯಾವ ಸಾಲಿನ ಮೇಲೆ ಬೇಕಾದರೂ ಪ್ರಶ್ನೆ ಏಳಬಹುದು.

ವಿದೇಶಗಳಲ್ಲೂ ರೀತಿ ಒಂದೇ ಅಲ್ಲ. ಬ್ರಿಟನ್ನಿನ ಯುಕಾಸ್ ಅರ್ಜಿಯಲ್ಲಿ ಸ್ವವಿವರಣೆಗೆ ಒಟ್ಟು 4,000 ಅಕ್ಷರಗಳ ಮಿತಿ. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ. ಅವರಿಗೆ ಮುಖ್ಯ, ಓದಬೇಕೆಂದಿರುವ ವಿಷಯಕ್ಕೆ ವಿದ್ಯಾರ್ಥಿ ಎಷ್ಟು ಸಿದ್ಧ ಎಂಬುದು. ಅಮೆರಿಕದ ನೂರಾರು ಕಾಲೇಜುಗಳು ಬಳಸುವ ಕಾಮನ್ ಅಪ್ಲಿಕೇಷನ್ ಇದಕ್ಕಿಂತ ಬೇರೆ. ಅಲ್ಲಿ ಗರಿಷ್ಠ 10 ಚಟುವಟಿಕೆ. ಪ್ರತಿಯೊಂದಕ್ಕೂ 150 ಅಕ್ಷರಗಳ ವಿವರಣೆ, ಅಂದರೆ ಒಂದು ಎಸ್ಸೆಮ್ಮೆಸ್ಸಿಗಿಂತ ಕಡಿಮೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ, ಒಂಬತ್ತರಿಂದ ಹನ್ನೆರಡರವರೆಗಿನ ಯಾವ ತರಗತಿಯಲ್ಲಿ ಎಂಬುದನ್ನೂ ತುಂಬಬೇಕು. ಚಟುವಟಿಕೆಯ ಬಗೆ ಆರಿಸುವ ಪಟ್ಟಿಯಲ್ಲಿ ಸಂಗೀತ, ಕ್ರೀಡೆಗಳ ಜೊತೆಗೆ ‘ಸಂಬಳದ ಕೆಲಸ’, ‘ಕುಟುಂಬದ ಜವಾಬ್ದಾರಿ’ ಎಂಬ ಆಯ್ಕೆಗಳೂ ಇವೆ.

ತೆಂಗಿನ ಸೀಮೆಯ ಮಕ್ಕಳು ಖಾಲಿ ಬಿಡುವುದು ಇದೇ ಕಾಲಂ. ಮನೆಗೆಲಸವನ್ನು ಅರ್ಜಿಯಲ್ಲಿ ಬರೆಯುವುದು ಹೇಗೆಂಬ ಸಂಕೋಚ ಒಂದು ಕಡೆ, ಅದೂ ಒಂದು ಚಟುವಟಿಕೆಯೇ ಎಂಬ ಅನುಮಾನ ಇನ್ನೊಂದು ಕಡೆ. ಉಂಡೆ ಕೊಬ್ಬರಿಯ ಕೆಲಸವನ್ನೇ ನೋಡಬಹುದು. ಬಲಿತ ಕಾಯಿ ಕೆಡವಿಸಿ, ಎಣಿಸಿ, ಅಟ್ಟಕ್ಕೆ ಏರಿಸಿದರೆ ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಲ್ಲಾಡಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ಹತ್ತಿರ ಹತ್ತಿರ ಬೇಕು. ಆಮೇಲೆ ಮಟ್ಟೆ ಸುಲಿಸಿ, ಚಿಪ್ಪು ಒಡೆಸಿ, ಕೆಟ್ಟಿದ್ದನ್ನು ಬೇರ್ಪಡಿಸಿ, ಚೀಲ ತುಂಬಿ ತಿಪಟೂರು ಎಪಿಎಂಸಿಗೆ ಒಯ್ಯಬೇಕು. ಈ ಸರಣಿಯಲ್ಲಿ ಲೆಕ್ಕ ಬರೆಯುವುದು ಎಷ್ಟೋ ಮನೆಗಳಲ್ಲಿ ಹೈಸ್ಕೂಲಿಗೆ ಹೋಗುವ ಮಗಳು ಅಥವಾ ಮಗ. ‘ಅಪ್ಪನಿಗೆ ತೋಟದಲ್ಲಿ ಸಹಾಯ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ‘ನಾಲ್ಕು ವರ್ಷ ತೋಟದ ಲೆಕ್ಕ: ಕೆಡವಿದ ಕಾಯಿ, ಅಟ್ಟದ ದಾಸ್ತಾನು, ಕೂಲಿ ಬಟವಾಡೆ, ಮಾರಿದ ಕೊಬ್ಬರಿಯ ತೂಕ–ದರ, ಕೆಟ್ಟ ಕೊಬ್ಬರಿಯ ಪ್ರಮಾಣ ಪ್ರತ್ಯೇಕ’ ಎಂದರೆ ಅಷ್ಟೇ ಜಾಗದಲ್ಲಿ ಹೊಣೆ, ಅವಧಿ, ಶಿಸ್ತು ಮೂರೂ ಕಾಣುತ್ತವೆ. ಗಂಟೆಯ ಲೆಕ್ಕ ಮಾತ್ರ ನಂಬುವಂತಿರಬೇಕು. ಕಾಯಿ ಕೆಡವಿಸುವುದು ವರ್ಷದಲ್ಲಿ ಕೆಲವೇ ಸುತ್ತು. ಐವತ್ತೆರಡು ವಾರವೂ ಅದನ್ನೇ ಮಾಡಿದಂತೆ ತುಂಬಿದರೆ ಯಾರೂ ನಂಬುವುದಿಲ್ಲ.

ತೋಟವೇ ವಿಜ್ಞಾನದ ಕೆಲಸಕ್ಕೂ ಜಾಗ. ಕಪ್ಪುತಲೆ ಹುಳು ಗರಿಯ ತಳಭಾಗದ ಹಸಿರು ಕೆರೆದು ತಿಂದು ತೋಟವನ್ನು ಸುಟ್ಟಂತೆ ಮಾಡುತ್ತದೆ. ಅದರ ಹತೋಟಿಗೆ ಗೋನಿಯೋಜಸ್ ಎಂಬ ಪರೋಪಜೀವಿ ಕಣಜವನ್ನು ಬಿಡುವುದುಂಟು. ಗುರುತು ಹಾಕಿದ ಹತ್ತು ಮರಗಳಲ್ಲಿ ಕಣಜ ಬಿಡುವ ಮೊದಲು ಮತ್ತು ಆಮೇಲೆ ತಿಂಗಳಿಗೊಮ್ಮೆ ಹಾಳಾದ ಗರಿ ಎಣಿಸಿ ಬರೆದಿಟ್ಟ ಪುಸ್ತಕ, ಅಂಗಡಿಯಿಂದ ತಂದ ಥರ್ಮಾಕೋಲಿನ ಜ್ವಾಲಾಮುಖಿಗಿಂತ ಎಷ್ಟೋ ಮೇಲು. ಸ್ಥಳೀಯ ಸಮಸ್ಯೆಯನ್ನೇ ಕೇಳುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಇದು ಹೇಳಿ ಮಾಡಿಸಿದ ವಿಷಯ. ರಾಜ್ಯದಲ್ಲಿ ಅದನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸಿಕೊಂಡು ಬಂದಿದೆ. ಹೊಸ ಉಪಕರಣದ ಆಲೋಚನೆಯಿದ್ದರೆ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದವರಿಗೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ.

ಕಲೆಯ ವಿಷಯದಲ್ಲಿ ತೊಡಕು ಬೇರೆ ಥರ. ಪ್ರತಿಭಾ ಕಾರಂಜಿಯಲ್ಲಿ ಹಾಡಿದರೆ ಒಂದು ಹಾಳೆಯಾದರೂ ಸಿಗುತ್ತದೆ. ಊರ ಜಾತ್ರೆಯಲ್ಲಿ ಸೋಮನ ಕುಣಿತದ ಜೊತೆ ವಾದ್ಯ ನುಡಿಸಿದವರಿಗೆ, ಮೂಡಲಪಾಯ ಯಕ್ಷಗಾನಕ್ಕೆ ರಾತ್ರಿಯಿಡೀ ಹೆಜ್ಜೆ ಹಾಕಿದವರಿಗೆ ಪ್ರಮಾಣಪತ್ರ ಕೊಡುವವರು ಯಾರು? ಇಂಥ ಕಡೆ ಭಾಗವತರ ಒಂದು ಪತ್ರ, ದಿನಾಂಕವಿರುವ ಕರಪತ್ರ, ಸಣ್ಣ ವಿಡಿಯೊ ಸಾಕು. ಕೆಲವು ಹವ್ಯಾಸಗಳು ತಮ್ಮ ಪುರಾವೆಯನ್ನು ತಾವೇ ಇಟ್ಟುಕೊಳ್ಳುತ್ತವೆ: ತುರುವೇಕೆರೆಯ ಮಲ್ಲಾಘಟ್ಟ ಕೆರೆಯಲ್ಲಿ ನೋಡಿದ ಹಕ್ಕಿಗಳನ್ನು ಇ-ಬರ್ಡ್‌ಗೆ ಸೇರಿಸಿದರೆ ದಿನ, ಹೊತ್ತು, ಸ್ಥಳ ಎಲ್ಲವೂ ಅಲ್ಲೇ ಉಳಿಯುತ್ತವೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಒಂಬತ್ತನೇ ಶತಮಾನದ ಛಾವಣಿಯ ಶಿಲ್ಪಗಳನ್ನು ಚಿತ್ರಿಸಿದವರು ಹಾಳೆಯ ಮೂಲೆಯಲ್ಲಿ ದಿನಾಂಕ ಬರೆಯುವುದನ್ನು ಮರೆಯಬಾರದು.

ಪಟ್ಟಿಯ ಜೋಡಣೆಯಲ್ಲಿ ಕಾಲಕ್ರಮಕ್ಕಿಂತ ತೂಕ ಮುಖ್ಯ. ಹೆಚ್ಚು ವರ್ಷ ನಡೆಸಿದ್ದು, ಹೆಚ್ಚು ಹೊಣೆ ಹೊತ್ತದ್ದು ಮೇಲೆ; ಒಂದು ದಿನದ ಕಾರ್ಯಾಗಾರ ಕೆಳಗೆ, ಅಥವಾ ಕೈಬಿಟ್ಟರೂ ನಷ್ಟವಿಲ್ಲ. ದುಡ್ಡು ಕೊಟ್ಟು ಪಡೆದ ಆನ್‌ಲೈನ್ ‘ಒಲಿಂಪಿಯಾಡ್’ ಚಿನ್ನದ ಪದಕಗಳಿಗೆ ಬೆಲೆ ಕಡಿಮೆ. ಎನ್ಎಸ್ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆಯ ಸೇವೆ, ಏಳು ದಿನದ ಶಿಬಿರ ಎಂಬ ಲೆಕ್ಕವಿರುವುದರಿಂದ ಆ ಸಾಲನ್ನು ವಿವರಿಸಿ ಹೇಳಬೇಕಾಗಿಲ್ಲ. ಶಿಬಿರದಲ್ಲಿ ಯಾವ ಊರಲ್ಲಿ ಏನು ಕೆಲಸ ನಡೆಯಿತು ಎಂದರೆ ಸಾಕು.

ಕೊನೆಗೆ ಕಾಗದಪತ್ರ. ಶಾಲಾ ಮಟ್ಟದ ಪ್ರಮಾಣಪತ್ರಗಳಲ್ಲಿ ಹೆಸರನ್ನು ಎಷ್ಟೋ ಸಲ ಕೈಯಲ್ಲೇ ತುಂಬುತ್ತಾರೆ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಮನೆಯಲ್ಲಿ ಕರೆಯುವ ಹೆಸರು. ಪರಿಶೀಲನೆಯ ಮೇಜಿನ ಮುಂದೆ ಈ ಮೂವರೂ ಒಬ್ಬರೇ ಎಂದು ಒಪ್ಪಿಸುವುದು ಕಷ್ಟ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಎಲ್ಲ ಕಡೆ ಬರೆಸಿಕೊಳ್ಳಬೇಕು. ತಪ್ಪಿದ್ದರೆ ಹಾಳೆ ಕೈಗೆ ಬಂದ ದಿನವೇ, ಸಹಿ ಮಾಡಿದ ಮೇಷ್ಟ್ರು ಅದೇ ಶಾಲೆಯಲ್ಲಿರುವಾಗಲೇ ತಿದ್ದಿಸಬೇಕು. ಹೊರರಾಜ್ಯಕ್ಕೋ ವಿದೇಶಕ್ಕೋ ಕಳಿಸುವುದಾದರೆ ಕನ್ನಡದ ಪ್ರಮಾಣಪತ್ರದ ಜೊತೆ ಇಂಗ್ಲಿಷ್ ಅನುವಾದವನ್ನು ಲಗತ್ತಿಸಿ, ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿಟ್ಟುಕೊಳ್ಳುವುದು ಒಳ್ಳೆಯದು. ಬೇಸಿಗೆ ರಜೆಯಲ್ಲಿ ಸಹಿಗಾಗಿ ಅವರನ್ನು ಹುಡುಕಿಕೊಂಡು ಹೋಗುವುದಕ್ಕಿಂತ ಫೆಬ್ರುವರಿಯೊಳಗೇ ಈ ಕೆಲಸ ಮುಗಿಸುವುದು ಮೇಲು.