ಹೆದರುವ ಗಿನಿ ಹಂದಿಯನ್ನು ಹಿಡಿಯುವ ಬಗೆ

ಊರಿನಲ್ಲಿ ಎಮ್ಮೆ, ಆಡು, ಕೋಳಿಗಳ ನಡುವೆ ಬೆಳೆದ ನಮಗೆ ವಾಸ್ಕೋದ ಬಾಡಿಗೆ ಮನೆಯಲ್ಲಿ ಅಂಥ ಅನುಕೂಲವಿಲ್ಲ. ಮಕ್ಕಳಿಗೋ ಒಂದು ಪ್ರಾಣಿ ಬೇಕು. ಹೀಗಾಗಿ ಕೆಲವು ಮನೆಗಳಿಗೆ ಪೇಟೆಯಿಂದ ಗಿನಿ ಹಂದಿ ಬಂದಿದೆ. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ಇದು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ಇಲಿ, ಅಳಿಲುಗಳ ವರ್ಗಕ್ಕೆ ಸೇರಿದ, ಬೆಳೆದಾಗ ಸುಮಾರು ಒಂದು ಕಿಲೋ ತೂಗುವ, ಬಾಲವಿಲ್ಲದ ಸಾಧು ಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ರೈತರು ನಾವು ಕೋಳಿ ಸಾಕುವಂತೆ ಇದನ್ನು ಸಾವಿರಾರು ವರ್ಷಗಳಿಂದ ಮಾಂಸಕ್ಕಾಗಿ ಸಾಕುತ್ತಾ ಬಂದಿದ್ದಾರೆ.

ತಂದು ವಾರವಾದರೂ ಹತ್ತಿರ ಬರುವುದಿಲ್ಲ, ಕೈ ಹಾಕಿದರೆ ಮೂಲೆಗೆ ಓಡುತ್ತದೆ ಎಂಬುದು ಇದರ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು. ಕಾರಣ ನಮಗೆ ಗೊತ್ತಿರುವುದೇ. ಅಂಗಳದಲ್ಲಿ ಹದ್ದಿನ ನೆರಳು ಬಿದ್ದರೆ ಕೋಳಿಮರಿಗಳು ಏನು ಮಾಡುತ್ತವೆ? ಗಿನಿ ಹಂದಿಯೂ ಹದ್ದು, ನರಿಗಳಿಗೆ ಆಹಾರವಾಗುತ್ತಿದ್ದ ಕುಲದ್ದು. ಮೇಲಿನಿಂದ ಇಳಿದು ಬರುವ ಕೈ ಅದರ ಪಾಲಿಗೆ ಹದ್ದಿನ ಉಗುರೇ ಸರಿ.

ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವ ಒಂದು ಸಂಗತಿಯಿದೆ. ಎತ್ತಿಕೊಂಡಾಗ ಗಿನಿ ಹಂದಿ ಕೆಲವೊಮ್ಮೆ ಕಲ್ಲಿನಂತೆ ಅಲುಗಾಡದೆ ಕೂತುಬಿಡುತ್ತದೆ. ಮಕ್ಕಳು "ನೋಡಮ್ಮಾ, ಎಷ್ಟು ಚೆನ್ನಾಗಿ ಒಗ್ಗಿದೆ" ಎಂದು ಸಂತೋಷಪಡುತ್ತಾರೆ. ಅದು ಒಗ್ಗಿದ್ದಲ್ಲ, ಹೆದರಿ ಮರಗಟ್ಟಿದ್ದು. ಮರುಕ್ಷಣದಲ್ಲೇ ಒಮ್ಮೆಲೆ ಚಿಮ್ಮಿ ಕೆಳಗೆ ಹಾರುತ್ತದೆ. ದೇಹ ಭಾರ, ಕಾಲುಗಳು ಗಿಡ್ಡ. ಬೆಕ್ಕಿನ ಹಾಗೆ ಗಾಳಿಯಲ್ಲಿ ತಿರುಗಿ ಇಳಿಯುವ ಚಾಕಚಕ್ಯತೆ ಇದಕ್ಕಿಲ್ಲ. ಸೊಂಟದೆತ್ತರದಿಂದ ಸಿಮೆಂಟಿನ ನೆಲಕ್ಕೆ ಬಿದ್ದರೆ ಕಾಲು, ಮುಂದಿನ ಹಲ್ಲು, ಬೆನ್ನುಮೂಳೆ ಯಾವುದೂ ಮುರಿಯಬಹುದು. ಬೆನ್ನು ಮುರಿದ ಪ್ರಾಣಿ ಬದುಕುವುದು ಕಷ್ಟ. ಹಲ್ಲು ಕಟಕಟ ಕಡಿಯುತ್ತಿದ್ದರೆ "ನನ್ನನ್ನು ಬಿಡು" ಎಂದೇ ಅರ್ಥ. ನಿಜವಾಗಿ ಒಗ್ಗಿದ ಗಿನಿ ಹಂದಿ ಕೈಯಿಂದ ಸೊಪ್ಪು ತಿನ್ನುತ್ತದೆ, ಕಾಲು ಚಾಚಿ ಮಲಗುತ್ತದೆ, ಸೊಪ್ಪಿನ ಚೀಲದ ಸದ್ದು ಕೇಳಿದರೆ ಸಿಳ್ಳೆ ಹಾಕುತ್ತದೆ.

ಆದ್ದರಿಂದ ಹೊಸದಾಗಿ ತಂದ ಪ್ರಾಣಿಯನ್ನು ಮೊದಲ ಮೂರು ನಾಲ್ಕು ದಿನ ಎತ್ತುವುದೇ ಬೇಡ. ಗೂಡಿನಲ್ಲಿ ಅಡಗಲು ಒಂದು ಮರೆ ಇರಲಿ. ಬಾಯಿ ಒಡೆದ ಹಳೆಯ ಮಡಕೆಯ ಚೂಪು ಅಂಚನ್ನು ಉಜ್ಜಿ ಅಡ್ಡ ಮಲಗಿಸಿದರೆ ಸಾಕು, ಬೇಸಿಗೆಯಲ್ಲಿ ತಂಪೂ ಆಗುತ್ತದೆ. ದಿನಾ ಒಂದೇ ಹೊತ್ತಿಗೆ ಗೂಡಿನ ಪಕ್ಕದಲ್ಲಿ ಕುಳಿತು ಮೆಲ್ಲಗೆ ಮಾತನಾಡುತ್ತಾ ಕೊತ್ತಂಬರಿ ಸೊಪ್ಪು ಹಿಡಿಯಬೇಕು. ತಾನಾಗಿ ಬಂದು ತಿನ್ನಲು ಕೆಲವಕ್ಕೆ ಎರಡು ದಿನ, ಕೆಲವಕ್ಕೆ ಎರಡು ವಾರ ಹಿಡಿಯುತ್ತದೆ. ಆತುರ ಮಾಡಿದರೆ ಕೆಲಸ ಕೆಟ್ಟಿತು.

ಎತ್ತುವಾಗ ಕೈ ಬದಿಯಿಂದ, ಕೆಳಮಟ್ಟದಲ್ಲಿ ಹೋಗಬೇಕು. ಒಂದು ಕೈ ಮುಂಗಾಲುಗಳ ಹಿಂದೆ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ. ಹಿಂಗಾಲುಗಳು ಯಾವತ್ತೂ ಜೋತಾಡಬಾರದು. ಕೂಡಲೇ ಎದೆಗೆ ಒತ್ತಿಕೊಳ್ಳಬೇಕು, ಆದರೆ ಹೊಟ್ಟೆ ಹಿಂಡಬಾರದು. ಕೋಳಿಯನ್ನು ಕಾಲು ಹಿಡಿದು ತೂಗಿಸಿದಂತೆಯೋ ಕತ್ತಿನ ಚರ್ಮ ಹಿಡಿದೋ ಇದನ್ನು ಎತ್ತಬಾರದು. ಮಕ್ಕಳು ನಿಂತುಕೊಂಡು ಎತ್ತುವುದು ಬೇಡವೇ ಬೇಡ. ನೆಲದ ಮೇಲೆ ಚಾಪೆ ಹಾಸಿ ಕುಳಿತಿರಲಿ, ದೊಡ್ಡವರು ತಂದು ಮಡಿಲಿಗೆ ಟವಲು ಹಾಸಿ ಕೂರಿಸಲಿ. ಐದು ಹತ್ತು ನಿಮಿಷ ಸಾಕು. ಗೂಡಿಗೆ ಬಿಡುವಾಗ ನೆಲ ಕಾಣುತ್ತಲೇ ಅದು ಜಿಗಿಯಲು ನೋಡುತ್ತದೆ, ಆದ್ದರಿಂದ ನಾಲ್ಕೂ ಕಾಲು ಊರುವವರೆಗೆ ಕೈ ಬಿಡಬಾರದು. ಗಬ್ಬದ ಹೆಣ್ಣನ್ನು ತೀರಾ ಅಗತ್ಯವಿಲ್ಲದೆ ಎತ್ತದಿರುವುದು ಒಳ್ಳೆಯದು. ಗಬ್ಬ ಸುಮಾರು 59ರಿಂದ 72 ದಿನ.

ಒಂಟಿ ಗಿನಿ ಹಂದಿ ಹೆಚ್ಚು ಹೆದರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಇದನ್ನು ಒಂಟಿಯಾಗಿ ಸಾಕುವುದಕ್ಕೆ ಕಾನೂನೇ ಅಡ್ಡಿ. ಎರಡು ಹೆಣ್ಣುಗಳ ಜೋಡಿ ಮೇಲು. ಗಂಡು ಹೆಣ್ಣು ಸೇರಿಸಿದರೆ ಮನೆ ತುಂಬಾ ಮರಿಗಳಾಗುವುದು ಹೇಳಬೇಕಾಗಿಲ್ಲ.

ವಾಸ್ಕೋದಲ್ಲಿ ಸದ್ದಿನ ತೊಂದರೆ ಬೇರೆ. ದಾಬೋಳಿಯ ವಿಮಾನಗಳು, ಬಂದರಿನ ಹಡಗುಗಳ ಕೂಗು ದಿನವೂ ಇದ್ದದ್ದೇ, ಅವಕ್ಕೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ದೀಪಾವಳಿಯ ಮುಂಜಾವಿನಲ್ಲಿ ನರಕಾಸುರನನ್ನು ಸುಡುವಾಗಿನ ಪಟಾಕಿಗೆ, ಡಿಸೆಂಬರ್ 31ರ ರಾತ್ರಿಯ ಗದ್ದಲಕ್ಕೆ ಮಾತ್ರ ಹೊಂದಿಕೊಳ್ಳದು. ಆ ರಾತ್ರಿಗಳಲ್ಲಿ ಗೂಡನ್ನು ಒಳಕೋಣೆಗೆ ತಂದು, ಗಾಳಿ ಆಡುವಂತೆ ಅರ್ಧ ಬಟ್ಟೆ ಮುಚ್ಚಿ, ಹುಲ್ಲು ಹೆಚ್ಚಾಗಿ ಹಾಕಬೇಕು. ಸಮಾಧಾನ ಮಾಡಲೆಂದು ಎತ್ತಿಕೊಳ್ಳಬಾರದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದಲ್ಲೂ ಎತ್ತುವುದು ಬೇಡ, ಶಾಖವನ್ನು ಇದು ತಡೆಯುವುದಿಲ್ಲ.

ಮೊದಲು ಕೈಗೆ ಬರುತ್ತಿದ್ದ ಪ್ರಾಣಿ ಈಗ ಮುಟ್ಟಿದರೆ ಚೀರುತ್ತದೆ ಎಂದಾದರೆ ಅದು ಹೆದರಿಕೆಯಲ್ಲದೆ ನೋವೂ ಇರಬಹುದು. ಮನುಷ್ಯರಂತೆ ಗಿನಿ ಹಂದಿಯ ಮೈಯಲ್ಲೂ ಸಿ ಜೀವಸತ್ವ ತಯಾರಾಗುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ಸಂಶೋಧಕರು ಬರೀ ಧಾನ್ಯ ತಿನ್ನಿಸಿದ ಗಿನಿ ಹಂದಿಗಳಿಗೆ ಸ್ಕರ್ವಿ ರೋಗ ಬರುವುದನ್ನು ಕಂಡರು. ಕೋಳಿಗೆ ಹಾಕಿದಂತೆ ಅಕ್ಕಿ, ಜೋಳ ಹಾಕುವ ನಮ್ಮ ಮನೆಗಳಲ್ಲಿ ಆಗುವುದೂ ಅದೇ. ಕೀಲು ಊದಿ, ಮುಟ್ಟಿದರೆ ನೋಯುತ್ತದೆ. ಗರಿಕೆ ಹುಲ್ಲು ಮುಖ್ಯ ಆಹಾರವಾಗಿರಲಿ. ಜೊತೆಗೆ ದಿನವೂ ಕೊತ್ತಂಬರಿ, ಒಂದು ತುಂಡು ದೊಣ್ಣೆ ಮೆಣಸಿನಕಾಯಿ, ಆಗಾಗ ಚೂರು ಪೇರಲ ಹಣ್ಣು. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಬೇಡ.

ಒಂದು ದಿನ ಪೂರ್ತಿ ತಿನ್ನದಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಮನೆಯಲ್ಲಿ ಮಿಕ್ಕಿರುವ ಪೆನ್ಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಮಾತ್ರೆಯನ್ನು ಅರೆದು ಕೊಡುವ ಸಾಹಸ ಬೇಡ. ಹುಲ್ಲು ಜೀರ್ಣಿಸುವ ಕರುಳಿನ ಸೂಕ್ಷ್ಮಜೀವಿಗಳು ಸತ್ತು, ಭೇದಿಯಾಗಿ, ಕೆಲವೇ ದಿನಗಳಲ್ಲಿ ಪ್ರಾಣಿ ಸಾಯುತ್ತದೆ.

ಇನ್ನು ನಮ್ಮ ಆರೋಗ್ಯದ ಮಾತು. ಗಿನಿ ಹಂದಿ ಕಚ್ಚುವುದು ಅಪರೂಪ. ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು, ಧನುರ್ವಾಯು ಚುಚ್ಚುಮದ್ದು ಬೇಕೋ ಎಂದು ಅವರು ಹೇಳುತ್ತಾರೆ. ರೋಮ ಉದುರಿ ಬೋಳಾದ ಕಲೆಗಳು ಕಂಡರೆ ಹುಳುಕಡ್ಡಿ ಇರಬಹುದು. ಅದು ಮಕ್ಕಳ ಚರ್ಮಕ್ಕೂ ಹರಡುತ್ತದೆ, ವಾಸಿಯಾಗುವವರೆಗೆ ಮಕ್ಕಳ ಕೈಗೆ ಕೊಡಬಾರದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆದ ನಂತರವೇ ಊಟ.