ದ್ರಾಕ್ಷಿತೋಟಕ್ಕೆ ಯಾವ ರೇಡಿಯೋ?

ತಿಕೋಟಾದ ದ್ರಾಕ್ಷಿತೋಟವೊಂದರಲ್ಲಿ ಎಲೆಯ ತೇವವನ್ನಳೆದು ಮನೆಗೆ ತಿಳಿಸುವ ಉಪಕರಣವನ್ನು ವಿದ್ಯಾರ್ಥಿಗಳೊಡನೆ ನಾವು ಹೂಡಿದೆವು. ಎಲೆ ಬಹಳ ಹೊತ್ತು ತೊಯ್ದಿದ್ದರೆ ಡೌನಿ ರೋಗ ತಗಲುವುದು. ಔಷಧ ಹೊಡೆಯುವುದು ತಡವಾದರೆ ಫಸಲಿಗೇ ಅಪಾಯ. ಸುದ್ದಿಯನ್ನು ಕಳುಹಿಸುವ, ಸ್ವೀಕರಿಸುವ ಎರಡೂ ಕೆಲಸ ಮಾಡುವ ಒಂಟಿ ಚಿಪ್‌ಗಳಲ್ಲಿ ಬಲು ಅಗ್ಗವಾದ ಎನ್‌ಆರ್‌ಎಫ್-೨೪ ಅನ್ನು ವಿಜಯಪುರದಿಂದ ಒಯ್ದಿದ್ದೆವು. ಅಕ್ಟೋಬರದ ಚಾಟನಿಯಾಗಿ ಬಳ್ಳಿ ಬೋಳಾಗಿದ್ದಾಗ ಅದು ಚೆನ್ನಾಗಿ ಮಾತಾಡಿತು. ಚಪ್ಪರ ಹಸುರಾದೊಡನೆ ಮೂಕವಾಯಿತು! ಸುದ್ದಿ ಬೇಕಾದುದೂ ಆಗಲೇ.

ಇದೇಕೆ? ಈ ಚಿಪ್ಪಿನ ಅಲೆಗಳು ೨.೪ ಗಿಗಾಹರ್ಟ್ಸಿನವು, ಅಲೆಯ ಉದ್ದ ೧೨.೫ ಸೆಂಟಿಮೀಟರು, ಹೆಚ್ಚುಕಡಿಮೆ ದ್ರಾಕ್ಷಿಯೆಲೆಯ ಅಗಲದಷ್ಟು. ಎಲೆ ಅವನ್ನು ಚದರಿಸುವುದು, ಎಲೆಯೊಳಗಿನ ನೀರು ಹೀರುವುದು. ಲೋರಾ ವಿಧಾನದ ಎಸ್‌ಎಕ್ಸ್-೧೨೭೬ ಚಿಪ್ಪನ್ನು ೮೬೬ ಮೆಗಾಹರ್ಟ್ಸಿಗೆ ಹೊಂದಿಸಿದರೆ ಅಲೆ ಸುಮಾರು ೩೫ ಸೆಂಟಿಮೀಟರಾಗುವುದು. ಬರಿಯ ಬಯಲಿನಲ್ಲಿಯೂ, ಶಕ್ತಿ, ದೂರ, ಆಂಟೆನಾದ ಬಗೆ ಒಂದೇ ಇದ್ದರೆ, ಇದರ ಸಂಕೇತ ಏಳು ಪಟ್ಟಿಗೂ ಹೆಚ್ಚು ಬಲವಾಗಿ ತಲಪುವುದು. ೮೬೫ರಿಂದ ೮೬೭ ಮೆಗಾಹರ್ಟ್ಸಿನವರೆಗೆ, ಗೊತ್ತುಪಡಿಸಿದ ಶಕ್ತಿಯೊಳಗೆ, ನಮ್ಮ ದೇಶದಲ್ಲಿ ೨೦೦೫ರಿಂದ ಲೈಸೆನ್ಸು ಬೇಕಿಲ್ಲ.

ಲೋರಾ ನಿಧಾನವೆಂದು ಹಳಿಯುವವರುಂಟು. ಎನ್‌ಆರ್‌ಎಫ್ ಸೆಕೆಂಡಿಗೆ ೨೦ ಲಕ್ಷ ಬಿಟ್ಟುಗಳನ್ನು ಸಾಗಿಸಬಲ್ಲುದು ನಿಜ. ಆದರೆ ಹತ್ತು ನಿಮಿಷಕ್ಕೊಮ್ಮೆ ನಾಲ್ಕಂಕಿ ಹೇಳುವವನಿಗೆ ಅವಸರವೇನು? ಸಂತೆಯ ಗದ್ದಲದಲ್ಲಿ ಬಿಡಿಸಿ ಆಡಿದ ಮಾತೇ ಕಿವಿಗೆ ಬೀಳುವುದು. ಬೆಲೆ ಹೆಚ್ಚಾದರೂ ತೋಟಕ್ಕೆ ನಾವು ಇದನ್ನೇ ಆರಿಸಿದೆವು.

ಅಗ್ಗದ ಚಿಪ್ಪನ್ನು ಎಸೆಯಲಿಲ್ಲ. ಬಬಲೇಶ್ವರದ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಅದು ಮಾಳಿಗೆಯ ತೊಟ್ಟಿಯ ನೀರಿನ ಮಟ್ಟವನ್ನು ಅಡಿಗೆಮನೆಗೆ ತಿಳಿಸುತ್ತಿದೆ. ಅದರ ವಿದ್ಯುತ್ ತಂತಿಗಳ ಬುಡದಲ್ಲಿ ೧೦ ಮೈಕ್ರೋಫ್ಯಾರಡ್ ಕೆಪಾಸಿಟರೊಂದನ್ನು ಬೆಸೆದಿದ್ದೇವೆ. ಕಳುಹಿಸುವ ಕ್ಷಣದಲ್ಲಿ ವೋಲ್ಟೇಜು ಕುಸಿಯದಂತೆ ಅದು ತಡೆಯುವುದು.